ಗೋಡೆಗೆ ಹೊಡೆದು ಕಲಿತ ಆಟ: ಹೇಜಲ್ ವೈಟ್‌ಮನ್

– ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಲೇಖನ ಬೇಕು ಎಂದಾಗ ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಹಲವರು ಅಂದುಕೊಂಡಿರಬಹುದು. ಅದರ ಬಗ್ಗೆ ಈಗಿನ ಮಕ್ಕಳಿಗೆ ನನಗಿಂತ ಚೆನ್ನಾಗಿ ಗೊತ್ತಿದೆ. ಹಾಗಾಗಿ ನೂರು ವರ್ಷಗಳ ಹಿಂದೆ ಅಮೆರಿಕದಲ್ಲಿ ಟೆನಿಸ್ ಆಡಿ ಹೆಸರು ಮಾಡಿದ ಒಬ್ಬ ಹೆಣ್ಣುಮಗಳ ಜೀವನವನ್ನು ನಮ್ಮ ಊರಿನವರ ಮುಂದೆ ಇಡುತ್ತಿದ್ದೇನೆ. ಅವರ ಹೆಸರು ಹೇಜಲ್ ಹಾಚ್‌ಕಿಸ್ ವೈಟ್‌ಮನ್.

ಶೇಂಗಾ ಹೊಲ, ಕುರಿ ಮಂದೆ, ಕೆಂಪು ನೆಲದ ನಮ್ಮ ಚಳ್ಳಕೆರೆ ಸೀಮೆಗೂ ಟೆನಿಸ್ಸಿಗೂ ಏನು ಸಂಬಂಧ ಎಂದು ಹಿರಿಯರು ಕೇಳಬಹುದು. ನಮ್ಮಲ್ಲಿ ಬಹಳ ಜನಕ್ಕೆ ಅದು ಟಿ.ವಿ.ಯಲ್ಲಿ ನೋಡುವ ಆಟ, ಅಷ್ಟೇ. ಆದರೆ ಈಕೆಯ ಕಥೆಯಲ್ಲಿ ಬರುವ ತೊಂದರೆಗಳು ನಮಗೆ ಹೊಸವಲ್ಲ. ಆಡಲು ಸರಿಯಾದ ನೆಲವಿಲ್ಲ, ನೆಲವಿದ್ದ ಕಡೆ ಹುಡುಗಿಯರಿಗೆ ಹೊತ್ತು ಸಿಗುವುದಿಲ್ಲ, ಮದುವೆಯಾಗಿ ಮಕ್ಕಳಾದ ಮೇಲೆ ಆಟವೇಕೆ ಎಂಬ ಮಾತು. ಇವನ್ನೆಲ್ಲ ದಾಟಿ ಅವರು ಗೆದ್ದರು. ಗೆದ್ದ ಮೇಲೆ ಮಾಡಿದ ಕೆಲಸ ಗೆಲುವಿಗಿಂತ ದೊಡ್ಡದು ಎಂದು ನನಗನ್ನಿಸಿದೆ. ಅದನ್ನು ಹೇಳುವುದಕ್ಕೇ ಈ ಲೇಖನ.

ಹೇಜಲ್ ಹುಟ್ಟಿದ್ದು 1886ರ ಡಿಸೆಂಬರ್ 20ರಂದು, ಕ್ಯಾಲಿಫೋರ್ನಿಯಾ ರಾಜ್ಯದ ಹೀಲ್ಡ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ. ತಂದೆಗೆ ಜಮೀನಿತ್ತು, ಹಣ್ಣುಗಳನ್ನು ಡಬ್ಬಿಗೆ ತುಂಬುವ ಕಾರ್ಖಾನೆಯೂ ಇತ್ತು. ಅನುಕೂಲಸ್ಥ ಮನೆತನ, ಊಟಬಟ್ಟೆಗೆ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಆರೋಗ್ಯಕ್ಕೆ. ನಾಲ್ವರು ಗಂಡುಮಕ್ಕಳ ನಡುವೆ ಒಬ್ಬಳೇ ಹುಡುಗಿ, ಅವಳೂ ನಿಶ್ಶಕ್ತೆ, ಮೇಲಿಂದ ಮೇಲೆ ತಲೆನೋವು. ಬಯಲಿನಲ್ಲಿ ಆಡಿದರೆ ಮೈ ಗಟ್ಟಿಯಾಗುತ್ತದೆ ಎಂದು ವೈದ್ಯರು ಹೇಳಿದರು. ಹುಡುಗಿ ಅಣ್ಣತಮ್ಮಂದಿರ ಜೊತೆ ಸೇರಿ ಬೇಸ್‌ಬಾಲ್, ಫುಟ್‌ಬಾಲ್ ಎಲ್ಲವನ್ನೂ ಆಡಿದಳು.

ಮುಂದೆ ಕುಟುಂಬ ಬರ್ಕ್‌ಲಿ ಪಟ್ಟಣಕ್ಕೆ ಬಂತು. ಹದಿನೈದು ತುಂಬಿದ ಮೇಲೆ ಹುಡುಗಿ ಗಂಡುಹುಡುಗರ ಜೊತೆ ಫುಟ್‌ಬಾಲ್ ಆಡುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂಬುದು ಆ ಕಾಲದ ಭಾವನೆ. ಟೆನಿಸ್ ಆದರೆ ಪರವಾಗಿಲ್ಲ, ಅದು ಹೆಂಗಸರೂ ಆಡುವ ಆಟ. 1902ರಲ್ಲಿ ಹೇಜಲ್ ಮೊದಲ ಸಲ ದೊಡ್ಡ ಪಂದ್ಯಗಳನ್ನು ನೋಡಿದಳು. ಹೆಂಗಸರ ಪಂದ್ಯ ಅವಳಿಗೆ ಹಿಡಿಸಲಿಲ್ಲ. ಇಬ್ಬರೂ ಅಂಕಣದ ಹಿಂದಿನ ಗೆರೆಯ ಹತ್ತಿರ ನಿಂತು, ಪುಟಿದು ಬಂದ ಚೆಂಡನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಕಳಿಸುತ್ತಿದ್ದರು. ನೆಲ ಮುಟ್ಟುವ ಉದ್ದದ ಲಂಗ ತೊಟ್ಟು ಓಡುವುದಾದರೂ ಹೇಗೆ? ಅದೇ ದಿನ ಗಂಡಸರ ಡಬಲ್ಸ್ ಪಂದ್ಯವನ್ನೂ ನೋಡಿದಳು. ಅವರು ಬಲೆಯ ಹತ್ತಿರವೇ ನಿಂತು, ಚೆಂಡು ನೆಲ ಮುಟ್ಟುವ ಮೊದಲೇ ಗಾಳಿಯಲ್ಲಿ ತಡೆದು ಹೊಡೆಯುತ್ತಿದ್ದರು. ಟೆನಿಸ್ಸಿನಲ್ಲಿ ಇದಕ್ಕೆ ವಾಲಿ ಎನ್ನುತ್ತಾರೆ. ಕಣ್ಣು, ಕೈ, ಕಾಲು ಮೂರೂ ಒಟ್ಟಿಗೆ ಚುರುಕಾಗಿರಬೇಕು. ಆಡಿದರೆ ಹೀಗೆ ಆಡಬೇಕು ಎಂದು ಹುಡುಗಿ ಅಲ್ಲೇ ತೀರ್ಮಾನಿಸಿದಳು.

ಮನೆಯಲ್ಲಿ ಟೆನಿಸ್ ಅಂಕಣ ಇರಲಿಲ್ಲ. ಇದ್ದದ್ದು ಜಲ್ಲಿ ಹಾಸಿದ ಅಂಗಳ ಮತ್ತು ಮನೆಯ ಗೋಡೆ. ಜಲ್ಲಿಯ ಮೇಲೆ ಬಿದ್ದ ಚೆಂಡು ಎತ್ತ ಪುಟಿಯುತ್ತದೆಂದು ಹೇಳಲಾಗದು. ಹಾಗಾಗಿ ಬೀಳುವ ಮೊದಲೇ ಹೊಡೆಯುವುದು ಅನಿವಾರ್ಯ. ಹೇಜಲ್ ಗಂಟೆಗಟ್ಟಲೆ ಗೋಡೆಗೆ ಚೆಂಡು ಹೊಡೆದು, ಹಿಂದಕ್ಕೆ ಬಂದದ್ದನ್ನು ಗಾಳಿಯಲ್ಲೇ ಮತ್ತೆ ಹೊಡೆಯುತ್ತಿದ್ದಳು. ಅಣ್ಣತಮ್ಮಂದಿರ ಜೊತೆಗಿನ ಆಟವೂ ಹಾಗೆಯೇ. ಹೆಂಗಸರು ಯಾರೂ ಹೆಚ್ಚಾಗಿ ಆಡದಿದ್ದ ವಾಲಿಯನ್ನು ಹುಡುಗಿಯ ಕೈಗೆ ಹತ್ತಿಸಿದ್ದು ಆ ಕೆಟ್ಟ ಅಂಗಳವೇ.

ನಿಜವಾದ ಅಂಕಣವೊಂದು ಹತ್ತಿರದ ವಿಶ್ವವಿದ್ಯಾಲಯದಲ್ಲಿತ್ತು. ಟಾರು ಹಾಕಿದ ಅಂಕಣ. ಆದರೆ ಬೆಳಿಗ್ಗೆ ಎಂಟು ಗಂಟೆಯ ನಂತರ ಅಲ್ಲಿ ಹುಡುಗಿಯರು ಆಡುವಂತಿರಲಿಲ್ಲ. ಹೇಜಲ್ ಈ ನಿಯಮದ ಜೊತೆ ಜಗಳಕ್ಕೆ ಹೋಗಲಿಲ್ಲ, ಅದಕ್ಕೆ ಹೆದರಿ ಮನೆಯಲ್ಲೂ ಕೂರಲಿಲ್ಲ. ಬೆಳಿಗ್ಗೆ ಆರಕ್ಕೇ ಅಣ್ಣತಮ್ಮಂದಿರನ್ನು ಎಬ್ಬಿಸಿಕೊಂಡು ಹೋಗಿ ಎಂಟರವರೆಗೆ ಆಡಿ ಬರುತ್ತಿದ್ದಳು. ದಿನಕ್ಕೆ ಎರಡು ಗಂಟೆ. ಆಟ ಶುರು ಮಾಡಿದ ವರ್ಷವೇ ಆ ಭಾಗದ ಡಬಲ್ಸ್ ಪಂದ್ಯಾವಳಿಯೊಂದನ್ನು ಗೆದ್ದಳು.

ಆಗ ಕ್ಯಾಲಿಫೋರ್ನಿಯಾದ ಟೆನಿಸ್ಸಿನಲ್ಲಿ ಸಟನ್ ಎಂಬ ಮನೆತನದ ಅಕ್ಕತಂಗಿಯರದೇ ದರ್ಬಾರು. ಅವರಲ್ಲಿ ಕಿರಿಯಳಾದ ಮೇ ಸಟನ್ 1905ರಲ್ಲಿ ಇಂಗ್ಲೆಂಡಿಗೆ ಹೋಗಿ ವಿಂಬಲ್ಡನ್ ಗೆದ್ದು ಬಂದಿದ್ದಳು. ಅಮೆರಿಕದವರು ಯಾರೂ ಅದುವರೆಗೆ ಅಲ್ಲಿ ಗೆದ್ದಿರಲಿಲ್ಲ. ಇಂಥವರ ಎದುರು ಸೋಲುತ್ತಾ ಸೋಲುತ್ತಾ ಹೇಜಲ್ ಬೆಳೆದಳು. ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ವಿದ್ಯಾರ್ಥಿನಿಯಾಗಿಯೂ ಸೇರಿದಳು.

1909ರಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ, ಆಕೆ ರಾಷ್ಟ್ರೀಯ ಪಂದ್ಯಾವಳಿಗಾಗಿ ರೈಲು ಹತ್ತಿ ಪಶ್ಚಿಮದ ಕಡಲ ತೀರದಿಂದ ಪೂರ್ವದ ಫಿಲಡೆಲ್ಫಿಯಾಕ್ಕೆ ಹೋದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್. ಅಲ್ಲಿ ಆಡಬೇಕಾದದ್ದು ಹುಲ್ಲಿನ ಅಂಕಣದಲ್ಲಿ. ಆಕೆ ಬೆಳೆದದ್ದು ಟಾರಿನ ಮೇಲೆ. ಆದರೆ ಹುಲ್ಲಿನಲ್ಲಿ ಚೆಂಡು ಅಂಕುಡೊಂಕಾಗಿ ಪುಟಿಯುವುದು ಜಲ್ಲಿಯ ಅಂಗಳದಲ್ಲಿ ಪಳಗಿದವರಿಗೆ ಒಂದು ತೊಂದರೆಯೇ? ಬಲೆಯ ಹತ್ತಿರ ನಿಂತು ವಾಲಿ ಹೊಡೆಯುವ ಹೆಂಗಸನ್ನು ಪೂರ್ವದವರು ಅಷ್ಟಾಗಿ ಕಂಡಿರಲಿಲ್ಲ. ಹಿಂದಿನ ವರ್ಷದ ವಿಜೇತೆ ಮಾಡ್ ಬಾರ್ಜರ್ ವಾಲಕ್ ಅವರನ್ನು 6-0, 6-1ರಲ್ಲಿ ಸೋಲಿಸಿ ಹೇಜಲ್ ಸಿಂಗಲ್ಸ್ ಗೆದ್ದರು. ಹೆಂಗಸರ ಡಬಲ್ಸ್ ಗೆದ್ದರು. ಗಂಡಸೊಬ್ಬರ ಜೊತೆಗೂಡಿ ಆಡುವ ಮಿಶ್ರ ಡಬಲ್ಸನ್ನೂ ಗೆದ್ದರು. ಒಂದೇ ಪಂದ್ಯಾವಳಿಯಲ್ಲಿ ಇದ್ದ ಮೂರೂ ಪ್ರಶಸ್ತಿ.

1910ರಲ್ಲಿ ಮತ್ತೆ ಮೂರೂ. 1911ರಲ್ಲಿ ಮತ್ತೆ ಮೂರೂ. ಈ ಮೂರನೇ ವರ್ಷ ಸಿಂಗಲ್ಸ್ ಫೈನಲ್ಲಿನಲ್ಲಿ ಎದುರಾದವರು ಸಟನ್ ಅಕ್ಕತಂಗಿಯರಲ್ಲಿ ಒಬ್ಬರಾದ ಫ್ಲಾರೆನ್ಸ್. ಮೊದಲ ಸೆಟ್ಟನ್ನು ಹೇಜಲ್ 8-10ರಲ್ಲಿ ಸೋತು, ಎರಡನೆಯದನ್ನು 6-1ರಲ್ಲಿ, ಕೊನೆಯದನ್ನು 9-7ರಲ್ಲಿ ಗೆದ್ದರು. ಹುಡುಗಿಯಾಗಿದ್ದಾಗ ಸೋಲಿಸುತ್ತಿದ್ದ ಮನೆತನವನ್ನು ದೇಶದ ಫೈನಲ್ಲಿನಲ್ಲೇ ಮಣಿಸಿದಂತಾಯಿತು.

ಲೆಕ್ಕ ಇಷ್ಟಪಡುವವರಿಗಾಗಿ ಒಂದು ಸಂಗತಿ. 1910ರಲ್ಲಿ ವಾಷಿಂಗ್ಟನ್ ರಾಜ್ಯದ ಪಂದ್ಯಾವಳಿಯಲ್ಲಿ ಹೇಜಲ್ ಒಂದು ಪಂದ್ಯವನ್ನು ಒಂದೂ ಅಂಕ ಬಿಟ್ಟುಕೊಡದೆ ಗೆದ್ದರು. ಒಂದು ಗೇಮಿಗೆ ಕನಿಷ್ಠ ನಾಲ್ಕು ಅಂಕ, ಒಂದು ಸೆಟ್ಟಿಗೆ ಆರು ಗೇಮು, ಪಂದ್ಯಕ್ಕೆ ಎರಡು ಸೆಟ್ಟು. ಅಂದರೆ 48 ಅಂಕಗಳನ್ನು ಸಾಲಾಗಿ ಗೆಲ್ಲಬೇಕು. ಒಮ್ಮೆಯೂ ಚೆಂಡು ಬಲೆಗೆ ಬೀಳಬಾರದು, ಗೆರೆ ದಾಟಬಾರದು, ಎದುರಾಳಿಗೆ ಅದೃಷ್ಟದ ಒಂದು ಹೊಡೆತವೂ ಸಿಗಬಾರದು. ಟೆನಿಸ್ಸಿನ ಇಡೀ ಇತಿಹಾಸದಲ್ಲಿ ಇಂಥ ಪಂದ್ಯಗಳು ಬೆರಳೆಣಿಕೆಯಷ್ಟೇ.

1911ರಲ್ಲಿ ಪದವಿ ಮುಗಿಯಿತು. 1912ರಲ್ಲಿ ಬಾಸ್ಟನ್ ನಗರದ ಜಾರ್ಜ್ ವೈಟ್‌ಮನ್ ಅವರೊಡನೆ ಮದುವೆಯಾಯಿತು. ಹೇಜಲ್ ಹಾಚ್‌ಕಿಸ್ ಆಗಿದ್ದವರು ಹೇಜಲ್ ವೈಟ್‌ಮನ್ ಆದರು. ಒಂದರ ಹಿಂದೆ ಒಂದರಂತೆ ಮಕ್ಕಳು, ಒಟ್ಟು ಐವರು. ಪ್ರಶಸ್ತಿ ಉಳಿಸಿಕೊಳ್ಳಲು ಆ ವರ್ಷ ಅವರು ಹೋಗಲಿಲ್ಲ. ಮದುವೆಯಾದ ಆಟಗಾರ್ತಿಯ ಕಥೆ ಇಲ್ಲಿಗೆ ಮುಗಿಯಿತು ಎಂದು ಯಾರಾದರೂ ಅಂದುಕೊಂಡರೆ ಅದು ಸಹಜವೇ. ನಮ್ಮ ತಾಲ್ಲೂಕಿನ ಕ್ರೀಡಾಕೂಟಗಳಲ್ಲಿ ಖೋಖೋ, ಥ್ರೋಬಾಲ್ ಆಡಿ ಮೆಡಲು ತಂದ ಎಷ್ಟು ಹೆಣ್ಣುಮಕ್ಕಳು ಹತ್ತನೇ ತರಗತಿಯ ನಂತರ ಮತ್ತೆ ಮೈದಾನಕ್ಕೆ ಇಳಿದಿದ್ದಾರೆ, ನೀವೇ ನೆನಪು ಮಾಡಿಕೊಳ್ಳಿ.

ಹೇಜಲ್ ಮತ್ತೆ ಇಳಿದರು. 1915ರಲ್ಲಿ ರಾಷ್ಟ್ರೀಯ ಪಂದ್ಯಾವಳಿಗೆ ಮರಳಿ ಬಂದು ಡಬಲ್ಸ್ ಮತ್ತು ಮಿಶ್ರ ಡಬಲ್ಸ್ ಎರಡನ್ನೂ ಗೆದ್ದರು. ಸಿಂಗಲ್ಸ್ ಫೈನಲ್ಲಿನಲ್ಲಿ ನಾರ್ವೆ ದೇಶದಿಂದ ಬಂದಿದ್ದ ಮೊಲ್ಲಾ ಬ್ಯುರ್‌ಸ್ಟೆಟ್ ಅವರಿಗೆ ಸೋತರು. ನಾಲ್ಕು ವರ್ಷಗಳ ನಂತರ, 1919ರಲ್ಲಿ, ಮಕ್ಕಳ ತಾಯಿಯಾಗಿ, 32ರ ವಯಸ್ಸಿನಲ್ಲಿ ಸಿಂಗಲ್ಸ್ ಪ್ರಶಸ್ತಿಯನ್ನು ಮರಳಿ ಗೆದ್ದರು. ಫೈನಲ್ಲಿನಲ್ಲಿ ಎದುರಾಳಿ ತಮಗಿಂತ ಸುಮಾರು ಹತ್ತು ವರ್ಷ ಚಿಕ್ಕವರಾದ ಮೇರಿಯನ್ ಜಿಂಡರ್‌ಸ್ಟೀನ್. ಅಂಕ 6-1, 6-2.

ಇಲ್ಲಿಂದ ಅವರ ಬದುಕಿನ ಎರಡನೇ ಭಾಗ ಶುರುವಾಗುತ್ತದೆ. ಗಂಡಸರಿಗೆ ದೇಶ ದೇಶಗಳ ನಡುವೆ ತಂಡವಾಗಿ ಆಡಲು 1900ರಿಂದಲೇ ಡೇವಿಸ್ ಕಪ್ ಇತ್ತು. ಹೆಂಗಸರಿಗೆ ಅಂಥದ್ದು ಯಾವುದೂ ಇರಲಿಲ್ಲ. ನಮಗೂ ಒಂದು ಬೇಕು ಎಂದು ಹೇಜಲ್ ಅವರಿಗೆ ಅನ್ನಿಸಿತು. ಮನವಿ ಬರೆದು ಸುಮ್ಮನಾಗದೆ ತಾವೇ ಬೆಳ್ಳಿಯ ಒಂದು ಕಪ್ ಮಾಡಿಸಿ ಟೆನಿಸ್ ಸಂಘಕ್ಕೆ ಕೊಟ್ಟರು. ಹಲವು ದೇಶಗಳು ಸೇರಲಿ ಎಂಬುದು ಅವರ ಆಸೆ. ಅದು ಕೂಡಿಬರದೆ ಕಪ್ ಕೆಲವು ವರ್ಷ ಹಾಗೇ ಉಳಿಯಿತು. 1923ರಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಹೊಸ ಕ್ರೀಡಾಂಗಣ ಕಟ್ಟಿ ಮುಗಿದಾಗ, ಅದರ ಉದ್ಘಾಟನೆಗೆ ಅಮೆರಿಕ ಮತ್ತು ಬ್ರಿಟನ್ ಹೆಂಗಸರ ನಡುವೆ ಪಂದ್ಯ ಏರ್ಪಟ್ಟಿತು. ಐದು ಸಿಂಗಲ್ಸ್, ಎರಡು ಡಬಲ್ಸ್. ಹೇಜಲ್ ನಾಯಕತ್ವದ ಅಮೆರಿಕ ತಂಡ ಏಳನ್ನೂ ಗೆದ್ದಿತು.

ಕಪ್ಪಿಗೆ ಬೇರೆಯೇ ಉದ್ದದ ಅಧಿಕೃತ ಹೆಸರಿತ್ತು. ಜನ ಅದನ್ನು ವೈಟ್‌ಮನ್ ಕಪ್ ಎಂದೇ ಕರೆದರು. ಎರಡನೇ ಮಹಾಯುದ್ಧದ ವರ್ಷಗಳನ್ನು ಬಿಟ್ಟರೆ 1989ರವರೆಗೂ ಅದು ಪ್ರತಿವರ್ಷ ನಡೆಯಿತು. 61 ಸಲದಲ್ಲಿ ಅಮೆರಿಕ 51, ಬ್ರಿಟನ್ 10 ಸಲ ಗೆದ್ದವು. ಹೇಜಲ್ ಐದು ಸಲ ಆಟಗಾರ್ತಿಯಾಗಿ, ಹದಿಮೂರು ಸಲ ನಾಯಕಿಯಾಗಿ ಅದರಲ್ಲಿದ್ದರು. ಹಲವು ದೇಶಗಳ ಮಹಿಳಾ ತಂಡಗಳು ಆಡುವ ಪಂದ್ಯಾವಳಿ ಶುರುವಾದದ್ದು 1963ರಲ್ಲಿ, ಫೆಡರೇಶನ್ ಕಪ್ ಎಂಬ ಹೆಸರಿನಲ್ಲಿ. ತಾವು ಬಯಸಿದ್ದು ಕೈಗೂಡಿದ್ದನ್ನು ನೋಡಲು ಹೇಜಲ್ ಆಗ ಬದುಕಿದ್ದರು.

1924 ಅವರ ಬದುಕಿನ ಅತ್ಯಂತ ದೊಡ್ಡ ವರ್ಷ. ವಯಸ್ಸು 37. ಕ್ಯಾಲಿಫೋರ್ನಿಯಾದಿಂದಲೇ ಬಂದಿದ್ದ ಹೆಲೆನ್ ವಿಲ್ಸ್ ಎಂಬ 18ರ ಹುಡುಗಿ ಅವರ ಜೊತೆಗಾರ್ತಿ. ಇದೇ ಹುಡುಗಿ ಮುಂದೆ ಎಂಟು ಸಲ ವಿಂಬಲ್ಡನ್ ಸಿಂಗಲ್ಸ್ ಗೆದ್ದಳು. ಹಿಂದಿನ ಗೆರೆಯಿಂದ ಬಲವಾಗಿ ಹೊಡೆಯುವುದು ಹೆಲೆನ್ ಶಕ್ತಿ, ಮುಂದೆ ನಿಂತು ಚೆಂಡು ತಡೆಯುವುದು ಹೇಜಲ್ ಶಕ್ತಿ. ಇಬ್ಬರೂ ಸೇರಿ ವಿಂಬಲ್ಡನ್ ಡಬಲ್ಸ್ ಗೆದ್ದರು. ಅಲ್ಲಿಂದ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋಗಿ ಡಬಲ್ಸ್ ಚಿನ್ನ ಗೆದ್ದರು. ಜೋಡಿಯಾಗಿ ಆಡಿದ ಈ ಇಬ್ಬರು ಯಾರಿಗೂ ಸೋಲಲೇ ಇಲ್ಲ.

ಅದೇ ಒಲಿಂಪಿಕ್ಸ್‌ನ ಮಿಶ್ರ ಡಬಲ್ಸ್‌ನಲ್ಲಿ ಹೇಜಲ್ ಅವರ ಜೊತೆಗಾರ ರಿಚರ್ಡ್ ನಾರಿಸ್ ವಿಲಿಯಮ್ಸ್. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗಿನಿಂದ ಬದುಕಿ ಬಂದವರು ಅವರು. ಹಿಮದಂಥ ನೀರಿನಲ್ಲಿ ಮರಗಟ್ಟಿದ ಕಾಲುಗಳನ್ನು ಕತ್ತರಿಸಬೇಕೆಂದು ವೈದ್ಯರು ಹೇಳಿದ್ದರೂ ಒಪ್ಪದೆ, ನಡೆದು ನಡೆದು ಕಾಲು ಉಳಿಸಿಕೊಂಡಿದ್ದರು. ಪ್ಯಾರಿಸ್ಸಿನಲ್ಲಿ ಅವರ ಕಾಲು ಉಳುಕಿತು, ಓಡಲಾಗದು. ಪಂದ್ಯ ಬಿಟ್ಟುಬಿಡೋಣ ಎಂದು ಅವರು ಯೋಚಿಸುತ್ತಿದ್ದಾಗ ಹೇಜಲ್ ಬಿಡಲಿಲ್ಲ. ಅವರು ಬಲೆಯ ಹತ್ತಿರ ನಿಂತಿದ್ದರೆ ಸಾಕು, ಓಡುವ ಕೆಲಸ ತಾವು ನೋಡಿಕೊಳ್ಳುವುದಾಗಿ ಒಪ್ಪಿಸಿದರು. ಹಾಗೇ ಆಡಿ ಇಬ್ಬರೂ ಚಿನ್ನ ಗೆದ್ದರು. ಆ ಒಲಿಂಪಿಕ್ಸ್ ಆದ ಮೇಲೆ ಟೆನಿಸ್ಸನ್ನು ಪದಕದ ಆಟಗಳಿಂದ ಕೈಬಿಟ್ಟರು. ಮತ್ತೆ ಸೇರಿಸಿದ್ದು 1988ರಲ್ಲಿ.

ಇಷ್ಟೆಲ್ಲ ಗೆದ್ದು ಅವರಿಗೆ ಸಿಕ್ಕ ಹಣವೆಷ್ಟು ಎಂದು ಕೇಳಿದರೆ, ಏನೂ ಇಲ್ಲ. ಆಗಿನ ದೊಡ್ಡ ಪಂದ್ಯಾವಳಿಗಳಲ್ಲಿ ಬಹುಮಾನದ ಹಣವೇ ಇರಲಿಲ್ಲ. ಅದು ಬಂದದ್ದು 1968ರಲ್ಲಿ. ಮನೆಯ ಅನುಕೂಲ ಇದ್ದದ್ದರಿಂದ ಹೇಜಲ್ ಆಡಿದರು. ಅನುಕೂಲವಿಲ್ಲದ ಹುಡುಗಿಯರು ಏನು ಮಾಡಬೇಕು? ಅವರು ಕಂಡುಕೊಂಡ ಉತ್ತರವೇ ನನ್ನನ್ನು ಈ ಲೇಖನ ಬರೆಯುವಂತೆ ಮಾಡಿದ್ದು.

ಬಾಸ್ಟನ್ ಹತ್ತಿರದ ಲಾಂಗ್‌ವುಡ್ ಕ್ರಿಕೆಟ್ ಕ್ಲಬ್ಬಿನಲ್ಲಿ ಅವರು ಹುಡುಗಿಯರಿಗೆ ಆಟ ಹೇಳಿಕೊಡಲು ಶುರು ಮಾಡಿದರು. ಹೆಸರು ಕ್ರಿಕೆಟ್ಟಿನದಾದರೂ ಅದು ಟೆನಿಸ್ ಕ್ಲಬ್ಬೇ. ಪಾಠಕ್ಕೆ ಶುಲ್ಕವಿಲ್ಲ. ಚಾಂಪಿಯನ್ ಆಗುವ ಹುಡುಗಿ, ಸುಮ್ಮನೆ ಆಡಲು ಬಂದ ಹುಡುಗಿ ಎಂಬ ಭೇದವಿಲ್ಲ. ನಾಚಿಕೆಯಿಂದ ಹಿಂದೆ ನಿಂತವರನ್ನೇ ಮುಂದಕ್ಕೆ ಕರೆಯುವುದು ಅವರ ಪದ್ಧತಿ. ಹೀಗೆ ಒಂದೆರಡು ವರ್ಷವಲ್ಲ, ದಶಕಗಳ ಕಾಲ ಕಲಿಸಿದರು. ಹೀಗೆ ಕಲಿತವರಲ್ಲಿ ಸಾರಾ ಪಾಲ್ಫ್ರಿ ಒಬ್ಬರು. 1941ರಲ್ಲೂ 1945ರಲ್ಲೂ ಅವರು ಅಮೆರಿಕದ ಸಿಂಗಲ್ಸ್ ಚಾಂಪಿಯನ್ ಆದರು. 1933ರಲ್ಲಿ ಹೇಜಲ್ ತಮ್ಮ ಕಲಿಕೆಯನ್ನೆಲ್ಲ ಒಂದು ಪುಸ್ತಕವಾಗಿ ಬರೆದರು.

ಚೆಸ್ಟ್‌ನಟ್ ಹಿಲ್‌ನಲ್ಲಿದ್ದ ಅವರ ಮನೆ ಪಂದ್ಯಾವಳಿಯ ದಿನಗಳಲ್ಲಿ ಛತ್ರದಂತಾಗುತ್ತಿತ್ತು. ಬೇರೆ ಊರುಗಳಿಂದ ಬಂದ ಹುಡುಗಿಯರು ಹೋಟೆಲಿಗೆ ದುಡ್ಡು ಕೊಡಲಾಗದೆ ಆಟ ಬಿಡಬಾರದು ಎಂದು, ಅವರನ್ನೆಲ್ಲ ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದರು. ಊಟ, ಹಾಸಿಗೆ, ಬುದ್ಧಿಮಾತು ಎಲ್ಲ ಅಲ್ಲೇ. ದೂರದ ಊರಿನಲ್ಲಿ ಓದುವಾಗ ನೆಂಟರ ಮನೆಯಲ್ಲೋ ಹಾಸ್ಟೆಲ್ಲಿನಲ್ಲೋ ಒಂದು ಮೂಲೆ ಸಿಕ್ಕಿದ್ದರಿಂದಲೇ ಮೇಲೆ ಬಂದವರು ನಮ್ಮಲ್ಲಿ ಬಹಳ ಜನ ಇದ್ದಾರೆ. ಅದರ ಬೆಲೆ ನಮಗೆ ಗೊತ್ತು. 1940ರಲ್ಲಿ ಅವರ ದಾಂಪತ್ಯ ವಿಚ್ಛೇದನದಲ್ಲಿ ಮುಗಿಯಿತು. ಆಗಲೂ ಆ ಮನೆಯ ಬಾಗಿಲು ಆಟಗಾರ್ತಿಯರಿಗೆ ಮುಚ್ಚಲಿಲ್ಲ.

ಕಲಿಸುತ್ತಾ ತಾವೂ ಆಡುತ್ತಲೇ ಇದ್ದರು. 1930ರಲ್ಲಿ ಸ್ಕ್ವಾಷ್ ಆಟದ ರಾಷ್ಟ್ರೀಯ ಪ್ರಶಸ್ತಿ ಗೆದ್ದರು. 1943ರಲ್ಲಿ, 56ನೇ ವಯಸ್ಸಿನಲ್ಲಿ, ಒಳಾಂಗಣ ಟೆನಿಸ್ಸಿನ ರಾಷ್ಟ್ರೀಯ ಡಬಲ್ಸ್ ಗೆದ್ದರು. ಹಿರಿಯ ಮಹಿಳೆಯರ ಡಬಲ್ಸ್‌ನಲ್ಲಿ ಕೊನೆಯ ರಾಷ್ಟ್ರೀಯ ಪ್ರಶಸ್ತಿ ಬಂದದ್ದು 1954ರಲ್ಲಿ. ಆಗ ಅವರಿಗೆ 67. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ 45 ವರ್ಷ. ಒಟ್ಟು ರಾಷ್ಟ್ರೀಯ ಪ್ರಶಸ್ತಿಗಳೂ 45.

ಆ ಕಾಲದ ಅಮೆರಿಕದ ಟೆನಿಸ್ಸನ್ನು ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಅಲ್ಲಿನ ರಾಷ್ಟ್ರೀಯ ಪಂದ್ಯಾವಳಿಗೆ ಕಪ್ಪು ಜನರಿಗೆ ಪ್ರವೇಶವಿರಲಿಲ್ಲ. ಅವರು ತಮ್ಮದೇ ಸಂಘ ಕಟ್ಟಿಕೊಂಡು ಬೇರೆ ಆಡುತ್ತಿದ್ದರು. ಆ ಸಂಘದಲ್ಲಿ ವರ್ಷವರ್ಷವೂ ಗೆದ್ದ ಓರಾ ವಾಷಿಂಗ್ಟನ್ ಎಂಬ ಮಹಾ ಆಟಗಾರ್ತಿ ಹೊಟ್ಟೆಪಾಡಿಗೆ ಬೇರೆಯವರ ಮನೆಗೆಲಸ ಮಾಡಿದರು. ಬಿಳಿಯ ಚಾಂಪಿಯನ್ನರ ಎದುರು ಆಡುವ ಅವಕಾಶ ಅವರಿಗೆ ಸಿಗಲೇ ಇಲ್ಲ. ಆ ಬಾಗಿಲು ತೆರೆದದ್ದು 1950ರಲ್ಲಿ, ಆಲ್ತಿಯಾ ಗಿಬ್ಸನ್ ಅವರಿಗೆ. ದಕ್ಷಿಣ ಕೆರೊಲಿನಾದ ಹತ್ತಿ ಹೊಲದಲ್ಲಿ ಪಾಲಿಗೆ ದುಡಿಯುತ್ತಿದ್ದ ಕುಟುಂಬದ ಮಗಳು ಆಕೆ. 1957ರಲ್ಲಿ ವಿಂಬಲ್ಡನ್ ಗೆದ್ದರು, ಅದೇ ವರ್ಷ ವೈಟ್‌ಮನ್ ಕಪ್ಪಿನಲ್ಲಿ ಅಮೆರಿಕ ತಂಡದ ಪರ ಆಡಿದರು. ಹೆಂಗಸರಿಗೂ ಒಂದು ಜಾಗವಿರಲಿ ಎಂದು ಮಾಡಿಸಿದ ಕಪ್ಪು, ಯಾರಿಗೆ ಜಾಗವೇ ಇರಲಿಲ್ಲವೋ ಅವರ ಕೈಗೂ ಕೊನೆಗೆ ಬಂತು. ಬರಲು 34 ವರ್ಷ ಬೇಕಾಯಿತು ಎಂಬುದನ್ನೂ ನಾವು ನೆನಪಿಡಬೇಕು. ಮೈದಾನದಿಂದ ಯಾರು ಹೊರಗೆ ನಿಂತಿದ್ದಾರೆ ಎಂದು ನೋಡುವುದು ನಮ್ಮ ನಾಡಿಗೂ ಬೇಕಾದ ಪಾಠ.

ನಮ್ಮ ದೇಶದ ಹೆಣ್ಣುಮಕ್ಕಳೂ ಆ ದಿನಗಳಲ್ಲಿ ಹಿಂದೆ ಉಳಿದಿರಲಿಲ್ಲ. 1934ರಲ್ಲಿ ಲೀಲಾ ರಾವ್ ವಿಂಬಲ್ಡನ್ನಿನಲ್ಲಿ ಒಂದು ಪಂದ್ಯ ಗೆದ್ದರು. ಅಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆ ಅವರು. ಅವರ ತಾಯಿ ಸಂಸ್ಕೃತದಲ್ಲಿ ಬರೆಯುತ್ತಿದ್ದ ಪಂಡಿತಾ ಕ್ಷಮಾ ರಾವ್. ಅವರೂ ಟೆನಿಸ್ ಆಟಗಾರ್ತಿ. ತಾಯಿ ಆಡಿದರೆ ಮಗಳೂ ಆಡುತ್ತಾಳೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

1957ರಲ್ಲಿ ಹೇಜಲ್ ಅವರ ಹೆಸರು ಟೆನಿಸ್ಸಿನ ಕೀರ್ತಿಶಾಲೆಗೆ ಸೇರಿತು. ವೈಟ್‌ಮನ್ ಕಪ್ಪಿಗೆ ಐವತ್ತು ವರ್ಷ ತುಂಬಿದ 1973ರಲ್ಲಿ ಬ್ರಿಟನ್ ಸರ್ಕಾರ ಅವರಿಗೆ ಗೌರವ ಪದವಿ ನೀಡಿತು. ಅದು ಕಪ್ಪಿನ ಸುವರ್ಣ ಮಹೋತ್ಸವ. ಮರುವರ್ಷ, 1974ರ ಡಿಸೆಂಬರ್ 5ರಂದು, ಚೆಸ್ಟ್‌ನಟ್ ಹಿಲ್‌ನಲ್ಲಿ ತೀರಿಕೊಂಡರು. 88 ತುಂಬಲು ಹದಿನೈದು ದಿನ ಬಾಕಿ ಇತ್ತು.

ಈಗ ನಮ್ಮ ಶಾಲೆಯ ಮಾತಿಗೆ ಬರುತ್ತೇನೆ. ಐವತ್ತು ವರ್ಷಗಳಲ್ಲಿ ಇಲ್ಲಿಂದ ಹೊರಟವರು ಇಂದು ಹೊಲದಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ, ಬೆಂಗಳೂರಿನಲ್ಲಿ, ಪರದೇಶದಲ್ಲಿ ಇದ್ದೇವೆ. ಮಹೋತ್ಸವದ ನೆನಪಿಗೆ ಶಾಲೆಗೆ ಏನಾದರೂ ಕೊಡಬೇಕೆಂಬ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆಯುತ್ತಿದೆ. ನನ್ನ ಸಲಹೆ ಸಣ್ಣದು. ಹತ್ತು ಅಡಿ ಎತ್ತರದ, ನುಣುಪಾಗಿ ಗಾರೆ ಮಾಡಿದ ಒಂದು ಗೋಡೆ ಕಟ್ಟಿಸೋಣ. ಟೆನಿಸ್ ಬಲೆ ನಡುವಿನಲ್ಲಿ ಇರುವುದು ಮೂರು ಅಡಿ ಎತ್ತರ. ಗೋಡೆಯ ಮೇಲೆ ಆ ಎತ್ತರಕ್ಕೆ ಒಂದು ಬಿಳಿ ಗೆರೆ ಎಳೆಸೋಣ. ಅದರ ಮುಂದೆ ಒಂದಿಷ್ಟು ಸಿಮೆಂಟು ನೆಲ, ಹತ್ತು ರ‍್ಯಾಕೆಟ್ಟು, ಒಂದು ಬುಟ್ಟಿ ಚೆಂಡು. ಟೆನಿಸ್ ಬೇಡವೆಂದರೆ ಅದೇ ಗೋಡೆಗೆ ವಾಲಿಬಾಲ್ ಹೊಡೆದು ಕಲಿಯಬಹುದು, ಥ್ರೋಬಾಲ್ ಎಸೆದು ಹಿಡಿಯಬಹುದು. ಗೋಡೆಗೆ ಬೇಸರವಿಲ್ಲ, ಎಷ್ಟು ಸಲ ಹೊಡೆದರೂ ಚೆಂಡನ್ನು ಮರಳಿ ಕೊಡುತ್ತದೆ. ಜೊತೆಗಾರರು ಸಿಗದ ಮಗುವಿಗೂ ಆಡಲು ಸಾಧ್ಯ.

ಜೊತೆಗೆ ಇನ್ನೊಂದು, ಇದಕ್ಕೆ ದುಡ್ಡು ಬೇಕಿಲ್ಲ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಆ ಗೋಡೆ ಹೆಣ್ಣುಮಕ್ಕಳದೇ ಎಂದು ಗೊತ್ತುಮಾಡೋಣ. ಆ ಹೊತ್ತಿನಲ್ಲಿ ನೀರು ತರುವ, ದನ ಕಟ್ಟುವ, ತಮ್ಮನನ್ನು ನೋಡಿಕೊಳ್ಳುವ ಕೆಲಸದಿಂದ ಅವರನ್ನು ಬಿಡಿಸುವ ಹೊಣೆ ತಂದೆತಾಯಿಗಳಾದ ನಮ್ಮದು. ಇಲ್ಲೇ ಕಲಿತು ಈಗ ತಾಯಂದಿರಾಗಿರುವ ಅಕ್ಕಂದಿರು, ಗೆಳತಿಯರು ವಾರಕ್ಕೊಮ್ಮೆ ಬಂದು ಮಕ್ಕಳ ಜೊತೆ ಆಡಿದರೆ ಇನ್ನೂ ಒಳ್ಳೆಯದು. ಮೂವತ್ತೆರಡಕ್ಕೆ ಮರಳಿ ಬಂದು ಗೆದ್ದವರ ಕಥೆ ಈಗಷ್ಟೇ ಓದಿದ್ದೀರಿ.

ಗೋಡೆಯ ಕೆಲಸಕ್ಕೆ ನನ್ನ ಪಾಲಿನ ಹಣವನ್ನು ಮಹೋತ್ಸವ ಸಮಿತಿಗೆ ಒಪ್ಪಿಸುತ್ತೇನೆ. ಜಾಗ ಎಲ್ಲಿ ಎಂದು ಗುರುಗಳು ತೋರಿಸಲಿ.